ಬೆಸುಗೆಯಿಲ್ಲದ ಬೆಳ್ಳಿ ಕೊಳವೆ

೧೯೭೬ನೇ ಇಸವಿ ಮಾರ್ಚ್ ೮, ಸೋಮವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸವದತ್ತಿಯ ಹತ್ತಿರ ಅಣೆಕಟ್ಟಿನ ಕೆಳಗೆ ಮೀನಿನ ಮರಿ ಸಾಕುವ ಹೊಂಡಗಳಿದ್ದವು. ಮೂರನೆಯ ಹೊಂಡದ ದಂಡೆಯಲ್ಲಿ ಕುಳಿತು ಮೊದಲ ಅಳತೆ ಬರೆದುಕೊಂಡೆ. ಕೊಳವೆಯ ಲೆಕ್ಕ ೪.೬, ಬಾಟಲಿಯ ಲೆಕ್ಕ ೪.೭. ಪಕ್ಕದಲ್ಲಿ ‘ಸರಿ’ ಎಂದು ಬರೆದಿದ್ದೇನೆ.

ಆಗ ನಾನು ಧಾರವಾಡದ ಕಾಲೇಜೊಂದರಲ್ಲಿ ಸಂಶೋಧನಾ ಸಹಾಯಕ. ಹೊಂಡದ ನೀರಿನಲ್ಲಿ ಮೀನು ಉಸಿರಾಡಲು ಲೀಟರಿಗೆ ಎಷ್ಟು ಮಿಲಿಗ್ರಾಂ ಆಮ್ಲಜನಕ ಕರಗಿದೆ ಎಂದು ಥಟ್ಟನೆ ಹೇಳುವ ಉಪಕರಣ ಮಾಡುವುದು ನನ್ನ ಕೆಲಸ. ಹಳೆಯ ಪದ್ಧತಿಯಲ್ಲಿ ಬಾಟಲಿಗೆ ನೀರು ತುಂಬಿ, ಮೂರು ಔಷಧ ಹಾಕಿ, ಬಣ್ಣ ಹೋಗುವವರೆಗೆ ಹನಿ ಎಣಿಸಬೇಕು. ಅದಕ್ಕೆ ಅರ್ಧ ಗಂಟೆ ಬೇಕು. ನಮ್ಮ ಕೊಳವೆ ಹೆಬ್ಬೆರಳಿನಷ್ಟು ದಪ್ಪ. ತೂತುಗಳಿರುವ ಬೆಳ್ಳಿಯ ಕೊಳವೆ, ಅದರೊಳಗೆ ಸೀಸದ ಕಡ್ಡಿ, ನಡುವೆ ಕ್ಷಾರದ ದ್ರಾವಣ, ಹೊರಗೆ ಬಿಗಿಯಾಗಿ ಸುತ್ತಿದ ತೆಳ್ಳನೆಯ ಪಾಲಿಥಿನ್ ಹಾಳೆ. ಆಮ್ಲಜನಕ ಹಾಳೆಯೊಳಗಿಂದ ಜಿನುಗಿ ಬೆಳ್ಳಿಯನ್ನು ಮುಟ್ಟಿದರೆ ಒಂದಿಷ್ಟು ವಿದ್ಯುತ್ತು ಹುಟ್ಟಿ ಮೀಟರಿನ ಮುಳ್ಳು ಏಳುತ್ತದೆ. ಬ್ಯಾಟರಿ ಬೇಡ.

ಎರಡು ದಿನ ಸರಿ ಇತ್ತು. ಮೂರನೆಯ ದಿನ ಬಾಟಲಿ ೪.೫ ಎಂದಾಗ ಕೊಳವೆ ೩.೧ ಎಂದಿತು. ಐದನೆಯ ದಿನ ೧.೪. ಬಿಚ್ಚಿ ತೊಳೆದು ಹೊಸ ದ್ರಾವಣ ಹಾಕಿದರೆ ಮತ್ತೆ ಎರಡು ದಿನ ಸರಿ, ಮತ್ತೆ ಇಳಿತ. ಹೊಂಡಗಳನ್ನು ನೋಡಿಕೊಳ್ಳುತ್ತಿದ್ದ ಮುದುಕ ಮನೋಳಿಯವನು, ಚಿಕ್ಕಂದಿನಿಂದ ಮಲಪ್ರಭೆಯಲ್ಲಿ ಬಲೆ ಬೀಸಿದವನು. ದಿನಾ ಬಂದು ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂಡುತ್ತಿದ್ದ.

“ಸಾಹೇಬ್ರ, ಇವತ್ತ ಏನಂತೈತ್ರಿ ನಿಮ್ಮ ಕೊಳವಿ?”

“ಒಂದೂವರಿ ಅಂತೈತಿ, ಅಜ್ಜಾ.”

“ಅಷ್ಟ ಇದ್ದಿದ್ರ ಇವೆಲ್ಲಾ ಮ್ಯಾಲ ಬಂದು ಬಾಯಿ ತಗೀತಿದ್ದುವ್ರಿ. ನೋಡ್ರಿ, ಒಂದರ ತಲಿ ಎತ್ತೇತೇನು? ಕೊಳವಿಗೇ ದಮ್ಮ ಹತ್ತೇತಿ, ಮೀನಿಗಲ್ಲ.”

ಅವನು ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಏಪ್ರಿಲ್ ಮುಗಿಯುವುದರೊಳಗೆ ಹತ್ತು ದಿನ ಬಿಡದೆ ಕೊಳವೆಯೂ ಬಾಟಲಿಯೂ ಹೊಂದಿಕೊಂಡರೆ ಮಾತ್ರ ಕೆಲಸ ಇನ್ನೊಂದು ವರ್ಷ ಮುಂದುವರಿಯುವುದೆಂದು ನಮ್ಮ ಪ್ರೊಫೆಸರರು ಕಾಗದ ಬರೆದಿದ್ದರು. ಇಲ್ಲದಿದ್ದರೆ ನಾನು ರಾಮದುರ್ಗದಲ್ಲಿ ಸೋದರಮಾವನ ಕಿರಾಣಿ ಅಂಗಡಿ ಸೇರುವುದೆಂದು ಮನೆಯಲ್ಲಿ ಮಾತಾಗಿತ್ತು. ಮಾವ ಒಳ್ಳೆಯವರೇ. ಆದರೆ ನನಗೆ ಈ ಕೆಲಸ ಬೇಕಾಗಿತ್ತು.

ಏಪ್ರಿಲ್ ೧೧ರ ರಾತ್ರಿ ಡೈರಿಯಲ್ಲಿ ಮೊತ್ತ ಹಾಕಿದೆ. ಅಳತೆಗಳು ೩೫, ಹೊಂದಿದ್ದು ೧೪, ಹೊಂದದ್ದು ೨೧. ಪಾಲಿಥಿನ್ ಬದಲಿಸಿದ್ದು ಆರು ಸಲ, ಸೀಸ ಬದಲಿಸಿದ್ದು ಮೂರು ಸಲ. ಬದಲಿಸದೆ ಉಳಿದದ್ದು ಬೆಳ್ಳಿ ಒಂದೇ. ಅದು ಅಪ್ಪಟವಿರಬೇಕೆಂದು ನಾನೇ ಹೇಳಿ ಮಾಡಿಸಿದ್ದೆ.

ಮಂಗಳವಾರ ಮೊದಲ ಬಸ್ಸಿಗೆ ಬೈಲಹೊಂಗಲಕ್ಕೆ ಹೋದೆ. ಕೊಳವೆ ಮಾಡಿಕೊಟ್ಟ ಪತ್ತಾರ ಅಲ್ಲಿಯವರು. ಬೆಳ್ಳಿಯ ಕರಡಿಗೆಗಳಿಗೆ ಹೆಸರಾದವರು. ಲಿಂಗವಿಟ್ಟು ಕೊರಳಲ್ಲಿ ಕಟ್ಟಿಕೊಳ್ಳುವ ಆ ಕರಡಿಗೆಗಾಗಿ ದೊಡವಾಡದ ಕಡೆಯಿಂದಲೂ ಜನ ಬರುತ್ತಿದ್ದರು.

“ಬಾ ತಮ್ಮಾ, ಕುಂದ್ರು. ಮುರೀತೇನು?”

“ಮುರದಿಲ್ರಿ ಕಾಕಾ. ಸುಳ್ಳ ಹೇಳಾಕ್ಹತ್ತೈತಿ.”

“ನನ್ನ ಬೆಳ್ಳಿ ಸುಳ್ಳ ಹೇಳೂದಿಲ್ಲ. ತಾ ಇಲ್ಲಿ.”

ಕೊಳವೆಯನ್ನು ಬೆಳಕಿಗೆ ಹಿಡಿದು ಉಗುರಿನಿಂದ ಒಂದು ಗೆರೆಯ ಗುಂಟ ಸವರಿದರು. ಸುತ್ತಿದ ಬೆಳ್ಳಿಯ ತಗಡಿನ ಎರಡು ಅಂಚು ಕೂಡುವ ಜಾಗ ಕಪ್ಪಾಗಿ ತಗ್ಗು ಬಿದ್ದಿತ್ತು.

“ಬೆಸಗಿ ತಿಂದೈತಲ್ಲೋ! ಏನ ಹಾಕಿದ್ದಿ ಇದರಾಗ?”

“ಕ್ಷಾರದ ನೀರ್ರಿ. ಆದ್ರ ಬೆಸಗಿ ಯಾಕ ಹಾಕಿದ್ರಿ? ನಾ ಹೇಳಿದ್ದಿಲ್ಲಲ್ರಿ?”

“ಹಾಕಬ್ಯಾಡ ಅಂತರ ಎಲ್ಲಿ ಹೇಳಿದ್ದಿ? ಬಾಯಿ ಬಿಟ್ಟ ಕೆಲಸ ಗಿರಾಕಿ ಕೈಯಾಗ ಕೊಟ್ರ ಊರ ಮಂದಿ ನನಗೇನಂದಾರು?”

ಬೆಳ್ಳಿ ಅಪ್ಪಟವೇ ಇತ್ತು. ಬೆಸುಗೆಯಲ್ಲಿ ಮಾತ್ರ ಹಿತ್ತಾಳೆ ಇತ್ತು; ಅದಿಲ್ಲದೆ ಬೆಸುಗೆ ಕರಗಿ ಹರಿಯುವುದಿಲ್ಲ ಎಂದರು. ಹಿತ್ತಾಳೆಯೊಳಗಿನ ಸತು ಕ್ಷಾರದಲ್ಲಿ ಕರಗುತ್ತ, ಮೀಟರಿಗೆ ಹೋಗಬೇಕಾದ ವಿದ್ಯುತ್ತನ್ನು ಕೊಳವೆಯೊಳಗೇ ಮುಗಿಸುತ್ತಿತ್ತು. ನಾನು ಉದ್ದ ಹೇಳಿದ್ದೆ, ತೂತುಗಳ ಲೆಕ್ಕ ಹೇಳಿದ್ದೆ, ಅಂಚಿನ ಮಾತು ಎತ್ತಿರಲಿಲ್ಲ. ಒಳ್ಳೆಯ ಕೆಲಸಗಾರ ಅಂಚನ್ನು ಬಿಚ್ಚಿ ಬಿಡಲಾರ ಎಂಬುದು ನನಗೆ ಹೊಳೆದಿರಲಿಲ್ಲ.

ಅಂಚನ್ನು ಬಿಚ್ಚಿಯೇ ಸುತ್ತಿಕೊಡಿ, ಸಾಕು ಎಂದೆ. ಅವರು ಒಪ್ಪಲಿಲ್ಲ.

“ಕರಡಿಗಿಗೆ ಎಲ್ಲೈತೋ ಬೆಸಗಿ? ಒಂದ ಬಿಲ್ಲಿ ತಗೊಂಡು ಬಡದು ಎಬ್ಬಸತೇನಿ. ಹಂಗ ಇದನ್ನೂ ಎಬ್ಬಸೂಣು. ಬುಡ ಕೊಯ್ದ್ರ ನಿನ್ನ ಕೊಳವಿ ಆತು.”

ಅಗಲವಾದ ಬೆಳ್ಳಿಯ ಬಿಲ್ಲೆಯೊಂದನ್ನು ಕಟ್ಟಿಗೆಯ ಕುಳಿಯಲ್ಲಿಟ್ಟು ಬಡಿಯತೊಡಗಿದರು. ಬಡಿದಂತೆ ಬೆಳ್ಳಿ ಬಿರುಸಾಗುತ್ತದೆ. ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಬಡಿಯಬೇಕು. ಹನ್ನೊಂದು ಸಲ ಕಾಯಿಸಿದರು. ಮಧ್ಯಾಹ್ನ ಅವರ ಮನೆಯಲ್ಲೇ ರೊಟ್ಟಿ, ಪುಂಡಿಪಲ್ಯ. ಇದೆಲ್ಲ ಯಾತಕ್ಕೆ ಎಂದು ಅವರ ಹೆಂಡತಿ ಕೇಳಿದಾಗ, “ಮೀನಿಗೆ ಉಸಿರ ಸಾಲತೈತೋ ಇಲ್ಲೋ ನೋಡಾಕಂತ. ನೀ ಬಾಯಿ ಹಚ್ಚಿದಾಗ ನನಗ ಸಾಲತೈತೋ ಇಲ್ಲೋ ಅಂತ ನೋಡಾಕ ಒಂದ ಮಾಡಿಸ್ಕೋಬೇಕು” ಎಂದರು. ಆಕೆ ಅವರ ತಾಟಿಗೆ ಬಡಿಸುತ್ತಿದ್ದ ಪಲ್ಯವನ್ನು ನನ್ನ ತಾಟಿಗೆ ಬಡಿಸಿದಳು. ನಾಲ್ಕೂವರೆಗೆ, ತೂತುಗಳನ್ನೂ ಕೊರೆದ ಕೊಳವೆ ನನ್ನ ಕೈಯಲ್ಲಿತ್ತು. ಎಲ್ಲಿಯೂ ಗೆರೆಯಿಲ್ಲ.

ಏಪ್ರಿಲ್ ೧೬ರಿಂದ ಅಳತೆ ಶುರು ಮಾಡಿದೆ. ಮೂರನೆಯ ದಿನ ಬೆಳಿಗ್ಗೆ ಮುಳ್ಳನ್ನು ಎರಡೆರಡು ಸಲ ನೋಡಿದೆ. ಬಾಟಲಿ ೪.೪, ಕೊಳವೆ ೪.೩. ಐದನೆಯ ದಿನವೆಲ್ಲ ಮೋಡ ಕವಿದಿತ್ತು; ಆರನೆಯ ದಿನ ಬೆಳಿಗ್ಗೆ ಮುಳ್ಳು ೧.೩ಕ್ಕೆ ಬಂತು. ಹಳೆಯ ರೋಗವೇ ಮರುಕಳಿಸಿತೆಂದುಕೊಂಡೆ. ಅಷ್ಟರಲ್ಲಿ ಮುದುಕ ಆಚೆ ದಂಡೆಯಿಂದ ಕೂಗಿದ: “ಸಾಹೇಬ್ರ, ಮೀನ ಬಾಯಿ ತಗದಾವ್ರಿ! ತೂಬ ಎತ್ತತೇನಿ!” ಓಡಿಹೋಗಿ ಅವನೊಂದಿಗೆ ಕೈ ಜೋಡಿಸಿದೆ. ಕಾಲುವೆಯ ಹೊಸ ನೀರು ಸುರಿಯುತ್ತಿದ್ದಂತೆ ಮುಳ್ಳು ಮೆಲ್ಲಗೆ ಏರಿತು. ಹಿಂದಿನ ದಿನ ಬಿಸಿಲಿಲ್ಲದೆ ನೀರಿನ ಪಾಚಿ ಆಮ್ಲಜನಕ ಬಿಟ್ಟಿರಲಿಲ್ಲ; ಕೊಳವೆ ನಿಜವನ್ನೇ ಹೇಳಿತ್ತು. ಆ ಹೊಂಡದ ಮರಿಗಳು ಕಿತ್ತೂರಿನ ಕಡೆಯ ಕೆರೆಗಳಿಗೆ ಹೋಗಬೇಕಾದವು. ಸತ್ತವು ಒಂಬತ್ತು, ಎಣಿಸಿದ್ದೇನೆ.

ಹತ್ತೂ ದಿನ ಹೊಂದಿತು. ಅತಿ ಹೆಚ್ಚಿನ ವ್ಯತ್ಯಾಸ ೦.೨. ಮೇ ೪ಕ್ಕೆ ಪ್ರೊಫೆಸರರ ಕಾರ್ಡು ಬಂತು: ‘ಕೆಲಸ ಮುಂದುವರಿಸಿರಿ.’ ಆ ಒಂದು ವರ್ಷದ ಕೆಲಸದಿಂದಲೇ ಮುಂದಿನದೆಲ್ಲ ದೊರೆಯಿತು. ಈಗಲೂ ಇದೇ ಕೆಲಸದಲ್ಲಿದ್ದೇನೆ.

ಸುದ್ದಿ ಹೇಳಲು ಮೇ ೯ರಂದು ಬೈಲಹೊಂಗಲಕ್ಕೆ ಹೋದಾಗ ಅಂಗಡಿ ಮುಚ್ಚಿತ್ತು. ಗಂಡಹೆಂಡತಿ ಮಗಳ ಊರಿಗೆ ಹೋಗಿ ನೆಲೆಸಿದರೆಂದು ಪಕ್ಕದವರು ಹೇಳಿದರು. ಯಾವ ಊರೆಂದು ಅವರಿಗೂ ಗೊತ್ತಿರಲಿಲ್ಲ. ಆ ದಿನಗಳ ಡೈರಿಯನ್ನು ಮತ್ತೆ ಮತ್ತೆ ತಿರುವಿ ನೋಡಿದ್ದೇನೆ. ಎಷ್ಟು ಸಲ ಕಾಯಿಸಿದರೆಂಬುದಿದೆ, ಎಷ್ಟು ಹೊತ್ತು ಹಿಡಿಯಿತೆಂಬುದಿದೆ. ಅವರ ಹೆಸರಿಲ್ಲ. ಕಾಕಾ ಎಂದು ಕರೆಯುತ್ತಿದ್ದೆ, ಕೇಳಲೇ ಇಲ್ಲ. ಆಗ ಅವರಿಗೆ ಅರವತ್ತರ ಆಸುಪಾಸು, ಎಡಗೈಯಿಂದ ಸುತ್ತಿಗೆ ಹಿಡಿಯುತ್ತಿದ್ದರು. ಬೆಸುಗೆಯಿಲ್ಲದ ಕರಡಿಗೆ ಬಡಿಯುತ್ತಿದ್ದ ಈ ಎಡಚ ಪತ್ತಾರರು ಈಗ ಎಲ್ಲಿದ್ದಾರೆ ಎಂಬುದು ಓದುಗರಲ್ಲಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಎರಡು ಸಾಲು ಬರೆಯಿರಿ. ಆ ಹತ್ತು ದಿನದ ಅಳತೆಗಳನ್ನು ಅವರಿಗೆ ಓದಿ ಹೇಳಬೇಕಾಗಿದೆ.