ಒಲ್ಲೆ ಎಂಬೊಂದು ಚೀಟಿ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲನ್ನು ಕಂಡವರು ಮೊದಲು ನಗುತ್ತಾರೆ, ಆಮೇಲೆ ಹತ್ತಿರ ಹೋಗಿ ಓದುತ್ತಾರೆ. ಹಸಿರು ಮಗ್ಗು, ರೊಟ್ಟಿಬುಟ್ಟಿ, ಜೋಕಾಲಿ, ಅಪ್ಪನ ಸ್ಕೂಟರು, ಸುಲಿದ ಕಿತ್ತಳೆ, ಬಚ್ಚಲಿನ ಬಕೆಟ್ಟು. ಎಲ್ಲವೂ ಅಂಗೈಯಗಲದ ಫೋಟೊಗಳು. ಕೆಳಗೆ ದಪ್ಪಕ್ಷರದಲ್ಲಿ ಹೆಸರು, ಹಿಂಬದಿಗೆ ಅಂಟುಪಟ್ಟಿ. ನನ್ನ ಏಳು ವರ್ಷದ ಮಗಳು ಇಂಚರ ಬಾಯಿಂದ ಮಾತಾಡುವುದಿಲ್ಲ. ಬೇಕಾದುದರ ಚೀಟಿಯನ್ನು ಕಿತ್ತು ತಂದು ನಮ್ಮ ಕೈಗಿಡುತ್ತಾಳೆ. ಇಂಪಾದ ದನಿ ಎಂದು ಅರ್ಥ ತಿಳಿದೇ ಇಟ್ಟ ಹೆಸರದು. ತೊಟ್ಟಿಲ ಕೂಸಿನ ಕಿವಿಯಲ್ಲಿ ಹೆಸರು ಊದುವಾಗ ಯಾರಿಗೆ ಏನು ಗೊತ್ತಿರುತ್ತದೆ, ಹೇಳಿ!

ನನ್ನೂರು ಗದಗ. ಗಂಡ ಪ್ರಕಾಶನದೂ ಅದೇ ಸೀಮೆ. ಇಬ್ಬರೂ ಆಫೀಸಿಗೆ ಹೋಗುವವರು. ಮನೆ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದಿನ ಬೀದಿಯಲ್ಲಿ. ಮಗಳಿಗೆ ಮೂರೂವರೆ ತುಂಬಿದಾಗ ಆಟಿಸಂ ಎಂಬ ಮಾತು ನಮ್ಮ ಮನೆಗೆ ಬಂತು. ಅದರ ಬೆನ್ನಿಗೇ ಒಬ್ಬರು ತಿಳಿದವರು, "ಎರಡು ಭಾಷೆ ಕಿವಿಗೆ ಬಿದ್ದರೆ ಮಗುವಿಗೆ ಗೊಂದಲ, ಮನೆಯಲ್ಲೂ ಇಂಗ್ಲಿಷೊಂದೇ ಇರಲಿ" ಎಂದರು. ಹೆದರಿದವರಿಗೆ ಯಾರು ಏನು ಹೇಳಿದರೂ ವೇದವಾಕ್ಯ. ಒಂದು ವರ್ಷ ನಾವು ಮಗಳೊಡನೆ ಕನ್ನಡ ಆಡಲಿಲ್ಲ. ಕಮ್, ಸಿಟ್, ಈಟ್ ಎಂದು ಮೀಟಿಂಗಿನಲ್ಲಿ ಕೂತವರ ಹಾಗೆ ಅಳೆದು ಮಾತಾಡಿದೆವು. ಅವಳನ್ನು ಎದೆಗೆತ್ತಿಕೊಂಡಾಗ ತುಟಿಯವರೆಗೆ ಬಂದ "ನನ್ ಬಂಗಾರ" ಎಂಬುದನ್ನು ನಾನು ಅದೆಷ್ಟು ಸಲ ನುಂಗಿಕೊಂಡೆನೋ ಲೆಕ್ಕವಿಲ್ಲ. ಮಾತು ಬಾರದ ಮಗುವಿನ ಮನೆಯಲ್ಲಿ ಮಾತು ಬರುವವರೂ ಮೂಕರಾದರು.

ಈ ನುಂಗಾಟ ನಿಂತದ್ದು ಕುಕ್ ಟೌನಿನ ಒಂದು ಹಳೆಯ ಬಂಗಲೆಯಲ್ಲಿ. ಅಲ್ಲಿ ಅನಿತಾ ಎಂಬ ಥೆರಪಿಸ್ಟ್ ಮಕ್ಕಳಿಗೆ ಸಂವಹನ ಕಲಿಸುತ್ತಾರೆ. ಮೊದಲ ದಿನ ಅವರು ಕೇಳಿದ್ದು ಒಂದೇ: "ಮನೇಲಿ ನೀವು ಯಾವ ಭಾಷೇಲಿ ಬೈತೀರಾ?"

"ಕನ್ನಡದಾಗ್ರೀ."

"ಮುದ್ದು ಮಾಡೋದು?"

"ಅದೂ ಕನ್ನಡದಾಗ."

"ಹಾಗಿದ್ರೆ ಇವಳ ಹತ್ರಾನೂ ಅದೇ ಆಡ್ರಿ. ಎರಡು ಭಾಷೆ ಕೇಳಿದ್ರೆ ಮಾತು ಕೆಡುತ್ತೆ ಅನ್ನೋದೆಲ್ಲ ಸುಳ್ಳು."

ವಾಪಸು ಬರುವ ಆಟೋದಲ್ಲಿ ನಾನು ವರ್ಷದ ಬಾಕಿಯನ್ನೆಲ್ಲ ಒಟ್ಟಿಗೆ ಆಡಿಬಿಟ್ಟೆ. ಹಲಸೂರು ಕೆರೆ ಬಂತು ನೋಡವಾ, ಕೊಕ್ಕರೆ ನೋಡು ಎಂದು ಅಳುತ್ತಲೇ ಹೇಳಿದೆ. ಅವಳು ಹೊರಗೇ ನೋಡುತ್ತಿದ್ದಳು. ಆದರೆ ಮನೆ ಬರುವವರೆಗೆ ನನ್ನ ದುಪಟ್ಟದ ತುದಿಯನ್ನು ಬಿಟ್ಟಿರಲಿಲ್ಲ.

ಚಿತ್ರ ಕೊಟ್ಟು ಕೇಳುವುದನ್ನು ಕಲಿಸೋಣ ಎಂದರು ಅನಿತಾ. ನಾನು ಉತ್ಸಾಹದಿಂದ ಆನ್‌ಲೈನಿನಲ್ಲಿ ಒಂದು ಪೆಟ್ಟಿಗೆ ಕಾರ್ಡು ತರಿಸಿದೆ. ಅದರಲ್ಲಿ ಹಿಮದ ಗೊಂಬೆಯಿತ್ತು, ನೊರೆ ತುಂಬಿದ ಸ್ನಾನದ ತೊಟ್ಟಿಯಿತ್ತು, ಬೆಣ್ಣೆ ಸವರಿದ ಬ್ರೆಡ್ಡಿತ್ತು. ಇಂಚರ ಒಂದನ್ನೂ ಮುಟ್ಟಲಿಲ್ಲ. ನಾನು ಬಂಗಲೆಯ ಜಗಲಿಯ ಬೆಂಚಿನಲ್ಲಿ ಸಪ್ಪಗೆ ಕೂತಿದ್ದಾಗ, ಪಕ್ಕದಲ್ಲಿದ್ದ ಹೆಂಗಸು ಪೆಟ್ಟಿಗೆಯೊಳಗೆ ಇಣುಕಿದರು. ಹದಿನಾಲ್ಕು ವರ್ಷದ ಮಗಳನ್ನು ಶಿವಾಜಿನಗರದಿಂದ ಕರೆತರುತ್ತಿದ್ದ ಶಬಾನಾ ಅವರು.

"ಅಲ್ಲಾ, ಇದೆಲ್ಲ ನಿಮ್ಮನೇಲಿ ಇದ್ಯಾ? ಇಲ್ದಿದ್ದು ಕೇಳು ಅಂದ್ರೆ ಅವ್ಳು ಹ್ಯಾಗ್ ಕೇಳ್ತಾಳೆ? ಭಾನುವಾರ ಬೆಳಿಗ್ಗೆ ಫೋನ್ ಹಿಡ್ಕೊಂಡು ರಸೆಲ್ ಮಾರ್ಕೆಟ್‌ಗೆ ಬನ್ನಿ, ಬಸ್, ಅಷ್ಟೇ."

ಹೋದೆ. ಶಬಾನಾ ನನ್ನ ಕೈಹಿಡಿದು ಹಣ್ಣಿನ ಸಾಲಿನಲ್ಲಿ ನಡೆಸಿದರು. ಕಿತ್ತಳೆ, ಬಾಳೆ, ಸೀಬೆಗಳನ್ನು ಬೇರೆ ಬೇರೆ ಇಡಿಸಿ ಫೋಟೊ ತೆಗೆಸಿದರು. "ಬಾಳೆಹಣ್ಣಿಗೂ ಆಧಾರ್ ಕಾರ್ಡ್ ಮಾಡಿಸ್ತಿದೀರಾ ಮೇಡಂ?" ಎಂದ ಅಂಗಡಿಯವನು, ವಿಷಯ ತಿಳಿದ ಮೇಲೆ ತಾನೇ ಕಿತ್ತಳೆ ಸುಲಿದು ಹಿಡಿದ. ಮಿಕ್ಕದ್ದೆಲ್ಲ ನಮ್ಮ ಮನೆಯಲ್ಲೇ ಸಿಕ್ಕಿತು. ದಪ್ಪ ಟೇಪು ಸುತ್ತಿದರೆ ಚೀಟಿ ನೀರಿಗೆ ಹಾಳಾಗುವುದಿಲ್ಲ ಎಂಬುದನ್ನೂ, ಹೊರಗೆ ಹೊರಟಾಗ ಒಂದು ಗೊಂಚಲು ಮಗುವಿನ ಸೊಂಟದಲ್ಲಿರಬೇಕು ಎಂಬುದನ್ನೂ ಕಲಿಸಿದ್ದು ಶಬಾನಾ. ಆ ಜಗಲಿಯ ತಾಯಂದಿರೆಲ್ಲ ತಮ್ಮ ತಮ್ಮ ಫೋಟೊಗಳನ್ನು ಫೋನಿನಲ್ಲಿ ಹಂಚಿಕೊಳ್ಳುತ್ತಿದ್ದರು. ಒಂದೇ ಚಪಾತಿಯ ಕೆಳಗೆ ಕನ್ನಡ, ಉರ್ದು, ತಮಿಳು ಹೆಸರುಗಳು. ಇಂಗ್ಲಿಷಿನಲ್ಲಿ ರಾಶಿ ರಾಶಿಯಾಗಿ ಸಿಗುವ, ಕನ್ನಡದಲ್ಲಿ ಹುಡುಕಿದರೂ ಸಿಗದ ಸಾಮಗ್ರಿ ನನಗೆ ಸಿಕ್ಕಿದ್ದು ಹೀಗೆ, ಬೆಂಚಿನ ಮೇಲೆ.

ಮೂರನೆಯ ವಾರ ಇಂಚರ ಕಿತ್ತಳೆಯ ಚೀಟಿಯನ್ನು ತಂದು ನನ್ನ ಅಂಗೈಗೆ ಒತ್ತಿದಳು. ನಾನು ಹಣ್ಣು ಸುಲಿಯಬೇಕಾದ್ದು ಮರೆತು ಪ್ರಕಾಶನನ್ನು ಕೂಗುತ್ತ ನಿಂತುಬಿಟ್ಟೆ; ಅವಳು ಬೇಸತ್ತು ಮತ್ತೊಮ್ಮೆ ಒತ್ತಿದಳು.

ವರ್ಷದೊಳಗೆ ನಲವತ್ತು ಚೀಟಿಗಳಾದವು. ಆದರೆ ಕಳೆದ ಬೇಸಗೆಯಲ್ಲಿ ಹೊಸದೊಂದು ಸಂಕಟ ಶುರುವಾಯಿತು. ತಟ್ಟೆಯ ಮುಂದೆ ಕೂತರೆ ಸಾಕು, ಇಂಚರ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವಳು, ತಟ್ಟೆ ತಳ್ಳುವಳು, ಕಿರುಚುವಳು. ಹಠ ಎಂದುಕೊಂಡೆವು. ಗದರಿಸಿದೆವು, ರಮಿಸಿದೆವು, ಕೈ ಹಿಡಿದು ತಿನ್ನಿಸಿದೆವು. ತಿಂಗಳುಗಳು ಕಳೆದವು. ಜಗಲಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ನನ್ನಿಂದ ಶಬಾನಾ ಚೀಟಿಯ ಗೊಂಚಲು ಇಸಕೊಂಡು ಒಂದೊಂದೇ ಮಗುಚಿದರು.

"ಎಲ್ಲಾ 'ಬೇಕು' ಅನ್ನೋದೇ ಇದೆಯಲ್ರೀ. ಬೇಡ ಅನ್ನೋಕೆ ಇವ್ಳ ಹತ್ರ ಏನಿದೆ?"

ನಾನು ಗೊಂಚಲು ಮರಳಿ ಇಸಕೊಂಡು ಮೊದಲಿನಿಂದ ಮಗುಚಿದೆ.

"ನನ್ ಮಗ್ಳಿಗೂ ನಾನ್ ಕೊಟ್ಟಿರ್ಲಿಲ್ಲ. ಕೊಟ್ರೆ ಎಲ್ಲಿ ನನ್ ಮಾತು ಕೇಳಲ್ವೋ ಅಂತ ಹೆದ್ರಿಕೆ. ನಾಲ್ಕು ವರ್ಷ ಕಚ್ಚಿ ಕಚ್ಚೇ ಹೇಳಿದ್ಳು ಪಾಪ."

ಅದೇ ಹೆದರಿಕೆ ನನಗೂ ಇತ್ತು, ಸುಳ್ಳೇಕೆ ಹೇಳಲಿ. ಸ್ನಾನ ಬೇಡ, ಶಾಲೆ ಬೇಡ, ಅಮ್ಮ ಬೇಡ ಎಂದರೆ? ಆದರೂ ಅಂದು ಸಂಜೆ ಅವಳ ಅಂಗೈಯನ್ನೇ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದೆ. ಕೆಳಗೆ "ಬೇಡ" ಎಂದು ಬರೆದೆ. ಯಾಕೋ ಅದು ನನ್ನ ಮಾತು ಅನ್ನಿಸಲಿಲ್ಲ. ಗದಗಿನ ಅಡುಗೆಮನೆಯಲ್ಲಿ ಗಲ್ಲ ಉಬ್ಬಿಸಿಕೊಂಡು ನಾನು ನನ್ನವ್ವನಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದುದು ಬೇರೆ. ಹೊಡೆದುಹಾಕಿ ಬರೆದೆ: ಒಲ್ಲೆ.

ನಾಲ್ಕನೆಯ ದಿನ, ಮೊಸರಲ್ಲಿ ನೆನೆಸಿದ ರೊಟ್ಟಿ ಮುಂದಿಟ್ಟಾಗ ಅವಳು ಕಿರುಚಲಿಲ್ಲ. ಎದ್ದು ಹೋಗಿ ಆ ಚೀಟಿ ತಂದು ಕೊಟ್ಟಳು. ಎಲ್ಲಕ್ಕಿಂತ ಪ್ರಿಯವಾದ ತಿಂಡಿ ಅದು. ತಣ್ಣೀರಿಗೂ ಒಲ್ಲೆ, ಕಿತ್ತಳೆಗೂ ಒಲ್ಲೆ. ಬಿಸಿಯಾರಿದ ಗಂಜಿಗೆ ಮಾತ್ರ ಚೀಟಿ ಬರಲಿಲ್ಲ. ಪ್ರಕಾಶ ನನ್ನ ಮುಖ ನೋಡಿದ. "ಬಾಯಾಗ ಏನರ ಆಗ್ಯದೇನ ನೋಡು" ಎಂದ. ಫೋನಿನ ಬೆಳಕು ಹಿಡಿದು ನೋಡಿದೆವು. ಬಲದ ದವಡೆಹಲ್ಲು ಕಪ್ಪಾಗಿ ಕುಳಿಬಿದ್ದಿತ್ತು, ಒಸಡು ಊದಿತ್ತು. ಅವಳು ಹೊಡೆದುಕೊಳ್ಳುತ್ತಿದ್ದುದು ಬಲಗೆನ್ನೆಗೇ.

ಹಲ್ಲಿನ ವೈದ್ಯೆ ತಾಳ್ಮೆಯವರು. ಎರಡು ಭೇಟಿಯಲ್ಲಿ ಗುಣಮಾಡಿದರು. ವಾರದಲ್ಲಿ ರೊಟ್ಟಿ ಮರಳಿ ಬಂತು. ಪ್ರಕಾಶ ಮಾತ್ರ ಬಹಳ ದಿನ, "ಹಠಾ ಅಂತ ಬೈದ್ನಲ್ಲ" ಎನ್ನುತ್ತಿದ್ದ. ನಾನು ಸಮಾಧಾನ ಹೇಳಲಿಲ್ಲ. ನನಗೂ ಸಮಾಧಾನ ಹೇಳುವವರು ಬೇಕಾಗಿತ್ತು. ಹಲ್ಲುನೋವಿನ ಚೀಟಿಯನ್ನು ಅಂದೇ ಮಾಡಿದೆವು, ಹೊಟ್ಟೆನೋವು, ತಲೆನೋವುಗಳದನ್ನೂ.

ಮೊನ್ನೆ ಹಲಸೂರಿನ ಛತ್ರದಲ್ಲಿ ಪ್ರಕಾಶನ ಅಣ್ಣನ ಮಗನ ಮದುವೆ. ಇಂಥ ಕಡೆ ನಮ್ಮಲ್ಲೊಬ್ಬರು ಇಂಚರಳೊಡನೆ ಹೊರಗಿರುವುದು, ಇನ್ನೊಬ್ಬರು ಗಬಗಬನೆ ಉಂಡು ಬರುವುದು ರೂಢಿ. ಗದಗಿನಿಂದ ಬಂದ ಸಾವಿತ್ರತ್ತಿ, ಪ್ರಕಾಶನ ಸೋದರತ್ತೆ, ಕಂಡವರನ್ನೆಲ್ಲ ತಬ್ಬಿ ಗಲ್ಲ ಹಿಂಡುವವರು, ಎರಡೂ ಕೈ ಚಾಚಿ ನಮ್ಮತ್ತಲೇ ಬಂದರು. ನಾನು ಅಡ್ಡ ನಿಲ್ಲುವ ಮೊದಲೇ ಇಂಚರ ಸೊಂಟದ ಗೊಂಚಲಲ್ಲಿ ತಡಕಾಡಿ, ಆ ಚಾಚಿದ ಕೈಯೊಳಗೆ ಒಂದು ಚೀಟಿ ಇಟ್ಟಳು.

ಅತ್ತೆ ಕನ್ನಡಕ ಏರಿಸಿ, ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದರು. "ಒಲ್ಲೆ." ಒಂದು ಗಳಿಗೆ ಅವರ ಮುಖ ಬಾಡಿತು. ಆಮೇಲೆ ಚೀಟಿಯನ್ನು ಜೋಪಾನವಾಗಿ ಅವಳಿಗೆ ಮರಳಿಸಿದರು.

"ಒಲ್ಲೆ ಅಂದ್ರ ಆತ ಬಿಡವಾ. ನಾ ಇಲ್ಲೇ ಬಾಜೂಕ ಕುಂಡರ್ಲೇನು?"

ಇಂಚರ ಯಾವ ಚೀಟಿಯನ್ನೂ ಕೊಡಲಿಲ್ಲ. ಅತ್ತೆ ಒಂದು ಕುರ್ಚಿ ಬಿಟ್ಟು ಕೂತರು. ಅವಳು ತಿರುಗುವ ಫ್ಯಾನು ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವರೂ ತಲೆಯೆತ್ತಿ ಫ್ಯಾನು ನೋಡತೊಡಗಿದರು. "ಹೋಗ್ರಿ ನೀವಿಬ್ರೂ, ಉಂಡ ಬರ್ರಿ" ಎಂದು ನಮ್ಮತ್ತ ನೋಡದೆಯೇ ಕೈ ಬೀಸಿದರು.

ನಾನೂ ಪ್ರಕಾಶನೂ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತೆವು. ಮಗಳು ಹುಟ್ಟಿದ ಮೇಲೆ ಅದೇ ಮೊದಲು. ಪಾಯಸ ಎರಡನೆಯ ಸಲ ಬಂದಾಗ, ಇಬ್ಬರೂ ಹಾಕಿಸಿಕೊಂಡೆವು.