ಹಾಸನದ ಸರ್ವರ್ ಕೆಟ್ಟು ಕೂತ ದಿನ

ಗೆಳೆಯರೇ, ಇವತ್ತು ಬೆಳಿಗ್ಗೆ ಹಾಸನದ ನಮ್ಮ ರಕ್ತದಾನಿಗಳ ಬಳಗದ ಆಫೀಸಿಗೆ ಅರಕಲಗೂಡಿನ ರಾಜಣ್ಣ ಬಂದ. ಇಲ್ಲಿನ ಆಸ್ಪತ್ರೆಯಲ್ಲಿ ಅವನ ತಂಗಿಗೆ ಹೆರಿಗೆಯಾಗಿ ರಕ್ತಸ್ರಾವ ನಿಲ್ಲುತ್ತಿರಲಿಲ್ಲ.

"ಬ್ಲಡ್ ಬ್ಯಾಂಕಲ್ಲಿ ಓ ನೆಗೆಟಿವ್ ಇಲ್ವಂತೆ ಸಾ. ಯಾರಾನ ಸಿಕ್ತಾರಾ ನೋಡಿ."

ಹುಡುಕಿದೊಡನೆ ಸಿಗಲಿ ಎಂದು ದಾನಿಗಳ ವಿವರವನ್ನು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಂಪ್ಯೂಟರುಗಳಲ್ಲಿ ಹಂಚಿಟ್ಟಿದ್ದೇವೆ. ಆದರೆ ಯಾವ ಹೆಸರು ಎಲ್ಲಿದೆ ಎಂದು ಹೇಳುವುದು ಹಾಸನದ ಸರ್ವರ್ ಒಂದೇ. ಅದು ಕೆಟ್ಟು ಕೂತಿತ್ತು. ಉಳಿದ ಊರುಗಳಿಗೆ ಫೋನ್ ಮಾಡಿದೆ. ಅಲ್ಲಿನ ಕಂಪ್ಯೂಟರುಗಳೂ ತಮ್ಮಲ್ಲೇ ಇರುವ ಹೆಸರು ತೋರಿಸಲು ಹಾಸನವನ್ನೇ ಕೇಳುತ್ತಾ ನಿಂತುಬಿಟ್ಟವು.

ಮಧ್ಯಾಹ್ನ ಸರ್ವರ್ ರಿಪೇರಿಯಾದ ಕೂಡಲೇ ಹೊಳೆನರಸೀಪುರದ ಮೇಷ್ಟ್ರೊಬ್ಬರ ಹೆಸರು ಸಿಕ್ಕಿತು. ಫೋನ್ ಮಾಡಿದೆ. ಅವರು ಸಿಕ್ಕಿದ ಬಸ್ಸು ಹತ್ತಿ ಬಂದರು. ಅಷ್ಟರಲ್ಲಿ ರಾಜಣ್ಣನ ತಂಗಿ ತೀರಿಕೊಂಡಿದ್ದಳು.

"ಬೆಳಿಗ್ಗೆನೇ ಹೇಳಿದ್ರೆ ಆಗ್ಲೇ ಬತ್ತಿದ್ದೆ ಕಣಪ್ಪ. ಮನೇಲೇ ಇದ್ದೆ," ಎಂದು ಮೇಷ್ಟ್ರು ತಲೆ ತಗ್ಗಿಸಿದರು.

ರಾಜಣ್ಣ ಅವರ ಕೈ ಹಿಡಿದುಕೊಂಡ. "ಬಂದ್ರಲ್ಲ ಸಾ. ಮಗು ನೋಡ್ಕೊಂಡು ಓಗಿ."

ಇನ್ನೊಂದು ಸರ್ವರ್ ಇರಲಿ ಎಂದು ಬಳಗದ ಸಭೆಯಲ್ಲಿ ನಾನು ಕೇಳಿದ್ದೆ. "ಒಂದೇ ಚೆನ್ನಾಗಿ ನಡೀತಿದೆಯಲ್ಲ" ಎಂದಿದ್ದರು ಉಳಿದವರು. ಈಗ ಅದು ಮತ್ತೆ ಚೆನ್ನಾಗಿಯೇ ನಡೆಯುತ್ತಿದೆ.