ಅಪ್ಪನ ಪ್ಯಾಂಟಿನ ಮೇಲೆ ಬಾದಾಮಿ ಎಲೆ

ಈ ಕೊಲ್ಲಿ ದೇಶದ ಅಲ್ ಥುಮಾಮಾ ಬಡಾವಣೆಯ ನಮ್ಮ ಮನೆಯೆದುರು ಬಿದ್ದಿದ್ದ ಕೆಂಪು ಬಾದಾಮಿ ಎಲೆಯೊಂದನ್ನು ಇವತ್ತು ಮಗಳು ಎತ್ತಿಕೊಂಡು ಬಂದಳು. "ಅಮ್ಮಾ, ಇದ್ರಲ್ಲಿ ಪ್ರೆಸ್ ಮಾಡ್ಲಾ?" ಎಂದು ನಾನು ಓದುತ್ತಿದ್ದ ಅನುವಾದಿತ ಕಾದಂಬರಿಯನ್ನು ತೆರೆದಳು. "ಬೇಡ, ಕಲೆ ಆಗತ್ತೆ," ಎಂದು ಪುಸ್ತಕ ಕಿತ್ತುಕೊಂಡೆ. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ.

ನಾನು ಚಿಕ್ಕವಳಿದ್ದಾಗ ಮೈಸೂರಿನಲ್ಲಿ ಅಪ್ಪ ಪ್ಯಾಂಟಿಗೆ ಇಸ್ತ್ರಿ ಹಾಕಿಸುತ್ತಿರಲಿಲ್ಲ. ಮಡಿಸಿ ಹಾಸಿಗೆಯ ಕೆಳಗಿಟ್ಟು ಮಲಗುತ್ತಿದ್ದರು. ಬೆಳಿಗ್ಗೆ ಗೆರೆ ನೆಟ್ಟಗೆ ನಿಂತಿರುತ್ತಿತ್ತು. ಎಲೆಯೂ ಹಾಗೇ ಚಪ್ಪಟೆಯಾಗಲಿ ಎಂದು ಒಮ್ಮೆ ಒದ್ದೆ ಬಾದಾಮಿ ಎಲೆಯನ್ನು ಹಾಸಿಗೆಯಡಿ ಆ ಪ್ಯಾಂಟಿನ ಮೇಲೇ ಇಟ್ಟೆ. ಮರುದಿನ ಬಿಳಿ ಪ್ಯಾಂಟಿನ ಮೊಣಕಾಲಿನ ಮೇಲೆ ನರಗಳ ಸಮೇತ ಕಂದು ಎಲೆಯೊಂದು ಮೂಡಿತ್ತು. ಅಪ್ಪನ ಆಫೀಸಿಗೆ ಮೇಲಧಿಕಾರಿ ಬರುವ ದಿನ ಅದು.

"ಇನ್ನೊಂದು ಪ್ಯಾಂಟು ನೆನೆಹಾಕಿಬಿಟ್ಟಿದೀನಲ್ರೀ!" ಎಂದು ಅಮ್ಮ ತಲೆ ಚಚ್ಚಿಕೊಂಡರು. ನಾನು ಬಾಗಿಲ ಹಿಂದೆ ಉಗುರು ಕಚ್ಚುತ್ತಾ ನಿಂತಿದ್ದೆ.

ಅಪ್ಪ ಕಲೆಯನ್ನು ಹತ್ತಿರದಿಂದ ನೋಡಿದರು. "ಎಲೆ ಒಣಗ್ತೇನೇ ಪುಟ್ಟಿ?"

"ಇಲ್ಲಪ್ಪಾ, ಇನ್ನೂ ಹಸಿ ಇದೆ."

"ಹಾಗಾದ್ರೆ ಹಾಸಿಗೆ ಕೆಳಗೇ ಇರ್ಲಿ. ಇನ್ನೆರಡು ದಿನ ಅದರ ಮೇಲೇ ಮಲಗ್ತೀನಿ," ಎಂದು, ಊಟದ ಚೀಲವನ್ನು ಆ ಮೊಣಕಾಲಿಗೆ ಅಡ್ಡ ಹಿಡಿದುಕೊಂಡು ಹೊರಟರು.

ಇವತ್ತು ಮಗಳನ್ನು ಮತ್ತೆ ಕರೆದು ಕಾದಂಬರಿಯನ್ನು ಅವಳ ಕೈಗೇ ಕೊಟ್ಟೆ; ಅವಳು ಎಲೆಯನ್ನು ಹಾಳೆಗಳ ನಡುವೆ ಇಟ್ಟು ಮುಚ್ಚಿದಳು. ಆಗಿನಿಂದ ಮೂರು ಸಲ ಎದ್ದುಹೋಗಿ ಪುಸ್ತಕ ಮುಟ್ಟಿ ಬಂದಿದ್ದೇನೆ. ತೆರೆದಿಲ್ಲ.